ಹದಿನಾಲ್ಕು ದಿನದ ಮೊಟ್ಟೆ

ಕೆಂಚು ಹ್ಯಾಟೆಯನ್ನು ಕೈಗೆತ್ತಿಕೊಂಡಾಗಲೇ ಶಶಿಕಲಾಗೆ ಅನುಮಾನ ಬಂತು. ಪುಕ್ಕ ಉಬ್ಬಿಸಿಕೊಂಡು ಕೂತಿದ್ದ ಕೋಳಿ ನೋಡೋಕೆ ದುಂಡಗಿತ್ತು, ಎತ್ತಿದರೆ ತೂಕವೇ ಇಲ್ಲ. ಎದೆಯ ಮೂಳೆ ಈಳಿಗೆಮಣೆಯ ಅಲಗಿನ ಹಾಗೆ ಅಂಗೈಗೆ ಒತ್ತಿತು. ಜುಟ್ಟಿನ ಕೆಂಪು ಇಳಿದು ಸೀಬೆಹಣ್ಣಿನ ತಿರುಳಿನ ಬಣ್ಣಕ್ಕೆ ತಿರುಗಿತ್ತು. ಗೂಡಿನ ಮೂಲೆಯಲ್ಲಿ ಬಿದ್ದಿದ್ದ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿದಳು. ಬೇಯಿಸಿದ ಶಾವಿಗೆಯಂಥ ಬಿಳಿ ಎಳೆಯೊಂದು ಅದರೊಳಗೆ ಮೆಲ್ಲಗೆ ಹೊರಳಿತು.

"ರೀ, ಸ್ವಲ್ಪ ಇಲ್ಲಿ ಬನ್ನಿ."

ನಾಗೇಂದ್ರ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಬಂದು ಬಗ್ಗಿ ನೋಡಿದ. "ಹುಳ ಬಿದ್ದಿದೆ. ಎಲ್ಲಾ ಕೊಯ್ದು ಸಾರು ಮಾಡ್ಬಿಡು, ತಲೆನೋವು ಹೋಗುತ್ತೆ."

"ನಿಮಗೆ ಎಲ್ಲಾದಕ್ಕೂ ಸಾರೇ."

ಅವನು ಉಗಿದು ಒಳಗೆ ಹೋದ. ರಾಜಾಜಿನಗರದ ಪ್ರಿಂಟಿಂಗ್ ಪ್ರೆಸ್ಸಿಗೆ ಎಂಟು ಗಂಟೆಗೆ ಹೊರಡಬೇಕಿತ್ತು, ಡಬ್ಬಿ ಇನ್ನೂ ಕಟ್ಟಿರಲಿಲ್ಲ.

ಮೂಡಲಪಾಳ್ಯದ ಹಳೇ ಊರಿನ ಓಣಿಯಲ್ಲಿದ್ದ ಆ ಮನೆ ಆರು ವರ್ಷದ ಹಿಂದೆ ಎರಡಾಗಿತ್ತು. ಮುಂದಿನ ಭಾಗ ಅಣ್ಣ ಮುನಿರಾಜುಗೆ, ಪಕ್ಕದ ಭಾಗ ತಮ್ಮ ನಾಗೇಂದ್ರನಿಗೆ. ನಡುಮನೆಯಲ್ಲಿ ಗೋಡೆ ಎದ್ದಿತು, ಪಾತ್ರೆಪಗಡ ಹಂಚಿಹೋದವು. ತಾಯಿ ಚಿಕ್ಕಗಂಗಮ್ಮನನ್ನೂ ಹಂಚಿಕೊಂಡರು, ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಆಕೆ ಸಾಕಿದ್ದ ಕೋಳಿಗಳೂ ಪಾಲಾದವು. ಹಿತ್ತಲು ಮಾತ್ರ ಹಾಗೇ ಉಳಿಯಿತು, ಬಟ್ಟೆ ಒಗೆಯುವ ಕಲ್ಲು, ಸೆಪ್ಟಿಕ್ ಗುಂಡಿ, ನುಗ್ಗೆಮರ, ಇವನ್ನು ಹೇಗೆ ಹಂಚೋದು ಅಂತ ಯಾರಿಗೂ ತೋಚಲಿಲ್ಲ. ಶಶಿಕಲಾಳ ಒಂಬತ್ತು ಕೋಳಿ, ಓರಗಿತ್ತಿ ಲಿಂಗಮ್ಮನ ಹನ್ನೊಂದು ಕೋಳಿ ಬೇರೆ ಬೇರೆ ಗೂಡಿನಲ್ಲಿ ಮಲಗಿ, ಬೆಳಗಾದರೆ ಒಂದೇ ತಿಪ್ಪೆ ಕೆದಕುತ್ತಿದ್ದವು.

ಅವತ್ತೇ ಹತ್ತು ಗಂಟೆಗೆ ಶಶಿಕಲಾ ಕೆಂಚು ಹ್ಯಾಟೆಯನ್ನು ತರಕಾರಿ ಬ್ಯಾಗಿಗೆ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು, ಆಟೋದಲ್ಲಿ ಪಶು ಆಸ್ಪತ್ರೆಗೆ ಹೋದಳು. ಡಾಕ್ಟರ್ ಚಕ್ರಪಾಣಿ ಕೋಳಿಯ ಕಣ್ಣಿನ ರೆಪ್ಪೆ ಎಳೆದು ನೋಡಿ, ಕಾಗದದಲ್ಲಿ ಕಟ್ಟಿ ತಂದಿದ್ದ ಹಿಕ್ಕೆಯನ್ನೂ ಬಿಚ್ಚಿ ನೋಡಿದರು.

"ಜಂತುಹುಳ. ಮೊಟ್ಟೆ ನಿಂತಿದೆಯಾ?"

"ಒಂಬತ್ತು ಕೋಳೀಲಿ ದಿನಕ್ಕೊಂದು ಸಿಕ್ಕಿದ್ರೆ ಹೆಚ್ಚು ಸಾರ್."

"ತಿಂದಿದ್ದೆಲ್ಲ ಹುಳಕ್ಕೇ ಹೋಗ್ತಿದೆ. ನೆಲ ಒದ್ದೆ ಇರುತ್ತಾ?"

"ಬಚ್ಚಲು ನೀರು ಅಲ್ಲೇ ಹರಿಯುತ್ತೆ."

"ಹುಳದ ಮೊಟ್ಟೆ ಹಿಕ್ಕೆ ಜೊತೆ ಮಣ್ಣಿಗೆ ಬೀಳುತ್ತೆ, ಒದ್ದೆ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಕೋಳಿ ಕೆದಕಿ ಅದನ್ನೇ ತಿನ್ನುತ್ತೆ. ನೀರನ್ನ ಬೇರೆ ಕಡೆ ತಿರುಗಿಸಿ. ಹಿಕ್ಕೆ ದಿನಾ ಗುಡಿಸಿ, ಗೂಡಿಗೆ ಸುಣ್ಣ ಹಾಕಿ, ಕಾಳನ್ನ ನೆಲಕ್ಕೆ ಎರಚಬೇಡಿ, ತಟ್ಟೇಲಿಡಿ." ಚೀಟಿ ಬರೆಯುತ್ತ ಕೇಳಿದರು, "ಒಂಬತ್ತೇ ಕೋಳಿನಾ ಹಿತ್ತಲಲ್ಲಿ?"

"ನಮ್ಮಕ್ಕನ ಮನೇವು ಹನ್ನೊಂದಿವೆ."

"ಹಾಗಾದ್ರೆ ಇಪ್ಪತ್ತಕ್ಕೂ ಒಂದೇ ದಿನ ಕೊಡಬೇಕು. ಅರ್ಧಕ್ಕೆ ಕೊಟ್ಟು ಅರ್ಧ ಬಿಟ್ರೆ ದುಡ್ಡು ದಂಡ, ತಿಂಗಳೊಳಗೆ ಮತ್ತೆ ಬರುತ್ತೆ. ಮೂರು ವಾರ ಬಿಟ್ಟು ಇನ್ನೊಂದು ಸಲ ಕೊಡಿ. ಇನ್ನೊಂದು ವಿಷಯ, ಔಷಧಿ ಕೊಟ್ಟ ದಿನದಿಂದ ಹದಿನಾಲ್ಕು ದಿನ ಆ ಮೊಟ್ಟೆ ತಿನ್ನಬೇಡಿ, ಯಾರಿಗೂ ಕೊಡಬೇಡಿ. ಬಸುರಿಯರಂತೂ ಮುಟ್ಟಲೇಬಾರದು."

ಶಶಿಕಲಾ ತಲೆಯಾಡಿಸಿದಳು. ಅವಳಿಗೆ ಮೊಟ್ಟೆಯ ಚಿಂತೆ ಇರಲಿಲ್ಲ. ಲಿಂಗಮ್ಮನಿಗೆ ಹೇಗೆ ಹೇಳೋದು ಅನ್ನೋದೇ ಚಿಂತೆಯಾಗಿತ್ತು.

ಮಧ್ಯಾಹ್ನ ಲಿಂಗಮ್ಮ ಒಗೆಯುವ ಕಲ್ಲಿನ ಮೇಲೆ ಬೆಡ್‌ಶೀಟು ಕುಕ್ಕುತ್ತಿದ್ದಳು. ಶಶಿಕಲಾ ಹತ್ತಿರ ಹೋಗಿ ನಿಂತಳು.

"ಅಕ್ಕ, ಕೋಳಿಗಳಿಗೆ ಹುಳ ಆಗಿದೆಯಂತೆ. ಔಷಧಿ ತಂದಿದೀನಿ. ನಿಮ್ಮವಕ್ಕೂ ಸೇರಿಸಿ ಒಂದೇ ದಿನ ಹಾಕ್ಬಿಡೋಣ."

ಲಿಂಗಮ್ಮ ತಲೆ ಎತ್ತಲಿಲ್ಲ. "ನಿನ್ನ ಕೋಳಿಗೆ ಆಗಿರಬಹುದು."

"ಒಂದೇ ಕಡೆ ಮೇಯ್ತಾವಲ್ಲ ಅಕ್ಕ."

"ನಾನು ರಾಗಿ ಹಾಕಿ ಸಾಕ್ತೀನಿ. ನೀನು ಹೋಟ್ಲು ಮುಸುರೆ ತಂದು ಸುರೀತೀಯ. ಹುಳ ಎಲ್ಲಿಂದ ಬಂತು ಅಂತ ಡಾಕ್ಟ್ರನ್ನ ಕೇಳಬೇಕಿತ್ತು."

"ನಿಮ್ಮವೂ ಮೊಟ್ಟೆ ಇಡ್ತಿಲ್ಲ, ನೋಡಿ."

"ಪುಕ್ಕ ಉದುರಿಸೋ ಕಾಲ, ಇಡಲ್ಲ. ಮೂವತ್ತು ವರ್ಷದಿಂದ ಕೋಳಿ ಕಂಡಿದೀನಿ ನಾನು." ಬೆಡ್‌ಶೀಟು ಹಿಂಡಿ ಬಕೆಟ್ಟಿಗೆ ಹಾಕಿದಳು. "ನಮ್ಮನೆ ಕೋಳಿ ಹುಳುಕು ಅಂತ ಓಣೀಲಿ ಯಾರಿಗಾದ್ರೂ ಹೇಳಿದ್ಯೋ, ನೆಟ್ಟಗಿರಲ್ಲ ಶಶಿ."

ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆ ತಿಂಗಳು ಆಕೆಯ ಊಟ ಲಿಂಗಮ್ಮನ ಮನೆಯಲ್ಲಿತ್ತು.

ನಾಲ್ಕು ದಿನದಲ್ಲಿ ಎರಡು ಕೋಳಿ ಸತ್ತವು. ಒಂದು ಶಶಿಕಲಾಳದು, ಒಂದು ಲಿಂಗಮ್ಮನದು. ಲಿಂಗಮ್ಮ ತನ್ನದನ್ನು ಪೇಪರಿನಲ್ಲಿ ಸುತ್ತಿ, ಕಸದ ಗಾಡಿಗೆ ಹಾಕಿ, ಬೆಕ್ಕು ಹಿಡಿಯಿತು ಅಂದಳು.

ಭಾನುವಾರ ಲಿಂಗಮ್ಮ, ಮುನಿರಾಜು ಇಬ್ಬರೂ ಕೆಂಗೇರಿ ಉಪನಗರಕ್ಕೆ ಗೃಹಪ್ರವೇಶಕ್ಕೆ ಹೊರಟರು. ಕೋಳಿಗೆ ನೀರು, ಕಾಳು ಇಡುವ ಕೆಲಸ ಅತ್ತೆಗೆ ಬಿತ್ತು. ಅವರ ಸ್ಕೂಟರ್ ಓಣಿ ದಾಟಿದ್ದೇ ಚಿಕ್ಕಗಂಗಮ್ಮ ನುಗ್ಗೆಸೊಪ್ಪು ಕೀಳುವ ನೆಪದಲ್ಲಿ ಶಶಿಕಲಾಳ ಅಡುಗೆಮನೆ ಕಿಟಕಿಗೆ ಬಂದಳು.

"ಆ ಔಷಧಿ ಇದೆಯೇನೆ?"

"ಇದೆ ಅತ್ತೆ."

"ನೀರಿಗೆ ಹಾಕೋದು ತಾನೆ? ನೀನು ಅಳತೆ ಮಾಡ್ಕೊಡು, ನಾನು ಇಡ್ತೀನಿ."

"ಅಕ್ಕಂಗೆ ಗೊತ್ತಾದ್ರೆ?"

"ಯಾರು ಹೇಳ್ತಾರೆ? ಅವಳಿಗೆ ಜಂಬ, ಅದಕ್ಕೆ ನನ್ನ ಕೋಳಿ ಯಾಕೆ ಸಾಯಬೇಕು. ಆ ಗೂಡಲ್ಲಿರೋವೆಲ್ಲ ನಾನು ಸಾಕಿದ್ದ ಕೋಳಿ ಮಕ್ಕಳು ಕಣೇ."

"ಹದಿನಾಲ್ಕು ದಿನ ಮೊಟ್ಟೆ ತಿನ್ನಬಾರದಂತೆ ಅತ್ತೆ."

"ಇಡೋದೇ ದಿನಕ್ಕೆ ಒಂದು. ಅದನ್ನ ನಾನೇ ಎತ್ತಿ ತಿಪ್ಪೆಗೆ ಹಾಕ್ತೀನಿ, ಬಿಡು."

ಶಶಿಕಲಾ ಒಂದು ನಿಮಿಷ ನಿಂತಳು. ಆಮೇಲೆ ಮುಚ್ಚಳದಲ್ಲಿ ಅಳೆದು ಎರಡು ಬೋಸಿ ನೀರಿಗೆ ಔಷಧಿ ಬೆರೆಸಿದಳು. ಬೆಳಗಿನಿಂದ ನೀರು ಕಾಣದ ಕೋಳಿಗಳು ನೂಕಾಡಿಕೊಂಡು ಕುಡಿದವು. ಅತ್ತೆ ಬೋಸಿ ತೊಳೆದು ಬೋರಲು ಹಾಕಿದಳು. ಮಾರನೆಯ ದಿನ ಹಿಕ್ಕೆಯಲ್ಲಿ ಹುಳ ಗಂಟುಗಂಟಾಗಿ ಬಿತ್ತು. ಲಿಂಗಮ್ಮ ಏಳುವ ಮೊದಲೇ ಶಶಿಕಲಾ ಎರಡೂ ಗೂಡಿನ ಮುಂದೆ ಗುಡಿಸಿ, ಮಣ್ಣು ಅಗೆದು ಹೂತಳು.

ಬುಧವಾರ ಧನ್ಯಶ್ರೀ ಬಂದಳು.

ಧನ್ಯಶ್ರೀ ಲಿಂಗಮ್ಮನ ಒಬ್ಬಳೇ ಮಗಳು. ಬಸವೇಶ್ವರನಗರಕ್ಕೆ ಕೊಟ್ಟಿತ್ತು. ಶಶಿಕಲಾಗೆ ಮಕ್ಕಳಿರಲಿಲ್ಲ. ಮನೆ ಒಂದಾಗಿದ್ದ ಕಾಲದಲ್ಲಿ ಲಿಂಗಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಗಂಡನ ಜೊತೆ ಕೂರುತ್ತಿದ್ದಳು, ಧನ್ಯಳಿಗೆ ಜಡೆ ಹಾಕಿ ಸ್ಕೂಲಿಗೆ ಬಿಡುತ್ತಿದ್ದವಳು ಚಿಕ್ಕಮ್ಮನೇ. ಹುಡುಗಿ ಬ್ಯಾಗು ಒಳಗಿಟ್ಟವಳೇ ಹಿತ್ತಲಿನಿಂದ ಶಶಿಕಲಾಳ ಅಡುಗೆಮನೆಗೆ ನುಗ್ಗಿದಳು.

"ಚಿಕ್ಕಮ್ಮ, ಮೂರು ತಿಂಗಳು. ಅಮ್ಮನಿಗಿಂತ ಮೊದಲು ನಿಂಗೆ ಹೇಳೋಣ ಅಂತಿದ್ದೆ, ನಮ್ಮತ್ತೆ ಅಮ್ಮಂಗೆ ಫೋನ್ ಮಾಡ್ಬಿಟ್ರು."

ಶಶಿಕಲಾ ಅವಳ ಗಲ್ಲ ಹಿಡಿದಳು. ನಾಲ್ಕು ವರ್ಷ ಕಾದು ಆದ ಬಸಿರು. "ಇಷ್ಟು ಸೊರಗಿದೀಯಲ್ಲೇ."

"ಏನು ತಿಂದ್ರೂ ವಾಂತಿ. ಅಮ್ಮ ಈಗ ನಾಟಿ ಮೊಟ್ಟೆ ಬೇಯಿಸಿ ಮೆಣಸು ಹಾಕಿ ಕೊಟ್ಲು, ಅದೊಂದು ನಿಂತಿದೆ ನೋಡು ಹೊಟ್ಟೇಲಿ. ಇಲ್ಲೇ ಒಂದು ತಿಂಗಳು ಇರ್ತೀನಿ."

ಶಶಿಕಲಾಳ ಕೈ ಗಲ್ಲದಿಂದ ಜಾರಿತು.

ಸಂಜೆ ಅತ್ತೆ ಒಬ್ಬಳೇ ಸಿಕ್ಕಾಗ ಕೇಳಿದಳು, "ಮೊಟ್ಟೆ ತಿಪ್ಪೆಗೆ ಹಾಕ್ತೀನಿ ಅಂದಿದ್ರಲ್ಲ ಅತ್ತೆ."

"ಅವಳು ನನಗಿಂತ ಮೊದಲೇ ಎದ್ದು ಎತ್ಕೊಂಡು ಹೋಗ್ತಾಳೆ. ನಾನೇನು ಕಿತ್ಕೊಳ್ಳಲಾ?"

"ಹಾಗಾದ್ರೆ ಅಕ್ಕಂಗೆ ಹೇಳ್ಬಿಡೋಣ."

"ಸುಮ್ನಿರು. ಒಂದು ಮೊಟ್ಟೆಗೆ ಯಾರೂ ಸಾಯಲ್ಲ."

ಆದರೆ ಅದು ಒಂದೇ ಮೊಟ್ಟೆಗೆ ನಿಲ್ಲಲಿಲ್ಲ. ಹುಳ ಹೋದ ಕೋಳಿಗಳಿಗೆ ಜುಟ್ಟು ಕೆಂಪೇರಿತು, ಕಾಳಿಗೆ ಮುಗಿಬೀಳತೊಡಗಿದವು. ಶುಕ್ರವಾರ ಲಿಂಗಮ್ಮನ ಗೂಡಿನಲ್ಲಿ ಮೂರು, ಭಾನುವಾರ ನಾಲ್ಕು. "ಮಗಳ ಕಾಲ್ಗುಣ," ಅಂತ ಲಿಂಗಮ್ಮ ಓಣಿಯಲ್ಲಿ ಹೇಳಿಕೊಂಡು ಬಂದಳು. ಬೆಳಿಗ್ಗೆ ಒಂದು, ಸಂಜೆ ಒಂದು, ಧನ್ಯ ಹಿತ್ತಲ ಕಲ್ಲಿನ ಮೇಲೆ ಬಿಸಿಲಿಗೆ ಕೂತು ತಿನ್ನುತ್ತಿದ್ದಳು.

"ಮೊಟ್ಟೆ ಉಷ್ಣ ಕಣೇ," ಅಂದಳು ಶಶಿಕಲಾ. "ಸ್ವಲ್ಪ ದಿನ ಬಿಡು, ನಾನು ಹೆಸರುಕಾಳು ಉಸ್ಲಿ ಮಾಡ್ಕೊಡ್ತೀನಿ."

"ಡಾಕ್ಟ್ರೇ ತಿನ್ನು ಅಂದಿದಾರೆ ಚಿಕ್ಕಮ್ಮ. ನೀನು ಯಾವ ಕಾಲದಲ್ಲಿದೀಯ."

ಶಶಿಕಲಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಚಕ್ರಪಾಣಿಯವರಿಗೆ ಫೋನ್ ಮಾಡಿದಳು. "ಔಷಧಿ ಮೊಟ್ಟೇಲಿ ಬರೋದು ಬಹಳ ಕಡಿಮೆ ಅಮ್ಮ. ತಿಂದಿದ್ದರಿಂದ ಏನೂ ಆಗಲ್ಲ ಅನ್ಕೋತೀನಿ. ಆದ್ರೆ ನಾನು ಕೋಳಿ ಡಾಕ್ಟ್ರು, ಹೆಂಗಸರ ಡಾಕ್ಟ್ರಲ್ಲ. ಇವತ್ತೇ ನಿಲ್ಲಿಸಿ. ಅವರಿಗೆ ಹೇಳ್ಬಿಡಿ."

ಅವಳು ಹೇಳಲಿಲ್ಲ. ಹೇಳಬೇಕು ಅಂತ ಎರಡು ಸಲ ಲಿಂಗಮ್ಮನ ಬಾಗಿಲ ತನಕ ಹೋದಳು. ಒಂದು ಸಲ ಒಳಗೆ ಬೀಗರು ಕೂತಿದ್ದರು. ಇನ್ನೊಂದು ಸಲ ಯಾರೂ ಇರಲಿಲ್ಲ, ಆದರೂ ಕರಿಬೇವು ಕೇಳಿ ವಾಪಸು ಬಂದಳು.

ಮಾರನೆಯ ಬೆಳಗಿನಿಂದ ಬೇರೆ ದಾರಿ ಹಿಡಿದಳು. ವಿಜಯನಗರ ಮಾರ್ಕೆಟ್ಟಿನಿಂದ ನಾಟಿ ಮೊಟ್ಟೆ ಕೊಂಡು ತಂದು, ಕೋಳಿ ಕೂಗುವ ಹೊತ್ತಿಗೇ ಎದ್ದು, ಲಿಂಗಮ್ಮನ ಗೂಡಿನ ಬುಟ್ಟಿಯಲ್ಲಿ ಎಷ್ಟಿದ್ದವೋ ಅಷ್ಟು ತೆಗೆದು ಅಷ್ಟೇ ಇಟ್ಟಳು. ಬಿಸಿಲೇರಿದ ಮೇಲೆ ಇಟ್ಟ ಮೊಟ್ಟೆಗಳನ್ನು ಲಿಂಗಮ್ಮ ಒಗೆಯಲು ಬರುವ ಮೊದಲು ಬದಲಾಯಿಸಿದಳು. ಒಂದೆರಡು ತಪ್ಪಿಹೋಗುತ್ತಿದ್ದವು. ತೆಗೆದ ಮೊಟ್ಟೆಗಳನ್ನು ಗೊಬ್ಬರದ ಗುಂಡಿಯಲ್ಲಿ ಒಡೆದು ಮಣ್ಣು ಮುಚ್ಚುತ್ತಿದ್ದಳು. ನಾಗೇಂದ್ರ ಫ್ರಿಜ್ಜಿನಲ್ಲಿದ್ದ ಮೊಟ್ಟೆ ನೋಡಿ, ಕೋಳಿ ಸಾಕಿಕೊಂಡು ಮಾರ್ಕೆಟ್ಟಿನಿಂದ ಮೊಟ್ಟೆ ತರೋ ಮನೆ ನಮ್ಮದೊಂದೇ ಅಂದ. ಅವನಿಗೂ ಅವಳು ಹೇಳಲಿಲ್ಲ.

ಮೂರನೆಯ ದಿನ, ಔಷಧಿ ಕೊಟ್ಟು ಹತ್ತು ದಿನವಾಗಿತ್ತು, ಅವಳು ಸೆರಗಿನಲ್ಲಿ ಮೂರು ಮೊಟ್ಟೆ ಕಟ್ಟಿಕೊಂಡು ಗೂಡಿನ ಬಾಗಿಲು ಹಾಕುತ್ತಿದ್ದಾಗ ಮುನಿರಾಜು ಬಚ್ಚಲಿನಿಂದ ಹೊರಗೆ ಬಂದ. ಭಾವ ನೋಡಿದ. ಅವಳ ಸೆರಗು ನೋಡಿದ. ಒಳಗೆ ಹೋದ.

ಲಿಂಗಮ್ಮ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಅವತ್ತು ಪ್ರೆಸ್ಸಿಗೆ ರಜೆ ಇತ್ತು, ನಾಗೇಂದ್ರ ತಟ್ಟೆ ಮುಂದೆ ಕೂತಿದ್ದ. ಲಿಂಗಮ್ಮನ ಹಿಂದೆ ಧನ್ಯ, ಧನ್ಯಳ ಹಿಂದೆ ಗೋಡೆ ಹಿಡಿದುಕೊಂಡು ಅತ್ತೆ.

"ನಾಗೇಂದ್ರ, ನಿನ್ನ ಹೆಂಡ್ತೀನ ಕೇಳು, ನಮ್ಮ ಗೂಡಿಂದ ಎಷ್ಟು ದಿನದಿಂದ ಮೊಟ್ಟೆ ಕದೀತಿದಾಳೆ ಅಂತ."

ನಾಗೇಂದ್ರ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ಬಿಡಮ್ಮ," ಅಂದಳು ಧನ್ಯ. "ಚಿಕ್ಕಮ್ಮಂಗೆ ಬೇಕಾಗಿದ್ರೆ ತಗೊಂಡಿರ್ತಾಳೆ. ಅದಕ್ಕೆ ಕಳ್ಳತನ ಅಂತಾರಾ?"

"ಕೇಳಿದ್ರೆ ನಾನು ಕೊಡ್ತಿರಲಿಲ್ವ? ಬಸುರಿ ಬಾಯಿಂದ ಕಿತ್ಕೊಳ್ಳೋ ಅಂಥದ್ದೇನಿತ್ತು? ಇವತ್ತಿಂದ ಗೂಡಿಗೆ ಬೀಗ ಹಾಕ್ತೀನಿ, ನೋಡೋಣ."

ಶಶಿಕಲಾ ಲೆಕ್ಕ ಹಾಕಿದಳು. ಇನ್ನು ನಾಲ್ಕು ದಿನ. ಕಳ್ಳಿ ಅನ್ನಿಸಿಕೊಂಡು ಸುಮ್ಮನಿದ್ದರೆ ಈ ಮಾತು ಒಂದು ತಿಂಗಳಲ್ಲಿ ತಣ್ಣಗಾಗುತ್ತಿತ್ತು. ಧನ್ಯ ಆಗಲೇ ಅವಳ ಪರ ನಿಂತಿದ್ದಳು. ಹುಡುಗಿಯ ಕೈಯಲ್ಲಿ ಅರ್ಧ ತಿಂದ ಮೊಟ್ಟೆಯ ತಟ್ಟೆ ಇತ್ತು.

"ಅದನ್ನ ಕೆಳಗಿಡು ಧನ್ಯ."

"ಯಾಕೆ?"

"ಇಡು ಅಂದೆ. ಆ ಕೋಳಿಗಳಿಗೆ ಹುಳದ ಔಷಧಿ ಕೊಟ್ಟಿದೆ. ನಾನೇ ಕೊಟ್ಟಿದ್ದು. ಹದಿನಾಲ್ಕು ದಿನ ಮೊಟ್ಟೆ ತಿನ್ನಬಾರದು. ನಾನು ಕದೀತಿರಲಿಲ್ಲ, ಬದಲಾಯಿಸ್ತಿದ್ದೆ."

ಧನ್ಯ ತಟ್ಟೆಯನ್ನು ನೆಲಕ್ಕಿಟ್ಟು, ಒರೆಸಿಕೊಳ್ಳಲು ಏನೂ ಸಿಗದೆ, ಬೆರಳನ್ನು ಡ್ರೆಸ್ಸಿಗೆ ಒರೆಸಿಕೊಂಡಳು.

"ನಾನು ಬಂದು ಒಂದು ವಾರ ಆಯ್ತು," ಅಂದಳು. "ದಿನಾ ನಿನ್ನೆದುರಿಗೆ ಕೂತು ತಿಂದಿದೀನಿ ಚಿಕ್ಕಮ್ಮ."

"ಬಿಡು ಅಂತ ಹೇಳ್ದೆ ಕಣೇ."

"ಉಷ್ಣ ಅಂದೆ. ಇದನ್ನ ಹೇಳಲಿಲ್ಲ."

"ಡಾಕ್ಟ್ರು ಏನೂ ಆಗಲ್ಲ ಅಂದ್ರು."

"ಡಾಕ್ಟ್ರನ್ನ ಕೇಳಿದೆ. ನನಗೆ ಹೇಳಲಿಲ್ಲ."

ಶಶಿಕಲಾ ಬಾಗಿಲ ಕಡೆ ತಿರುಗಿದಳು. "ಅತ್ತೆ, ನೀವೇ ಹೇಳಿ. ನೀವೇ ಅಲ್ವ ಹಾಕು ಅಂದಿದ್ದು, ಬೋಸಿ ಇಟ್ಟಿದ್ದು ನೀವಲ್ವ?"

ಚಿಕ್ಕಗಂಗಮ್ಮ ಸೆರಗು ಎಳೆದುಕೊಂಡಳು. "ನಾನಾ? ನಂಗೆ ಕಣ್ಣೇ ಸರಿಯಾಗಿ ಕಾಣಲ್ಲ. ನೀರು ಇಡಿ ಅಂದ್ಲು, ಇಟ್ಟೆ. ಅದ್ರಲ್ಲಿ ಏನು ಬೆರೆಸಿದ್ಲೋ ನಂಗೇನು ಗೊತ್ತವ್ವ."

ಶಶಿಕಲಾ ಅತ್ತೆಯನ್ನೇ ನೋಡುತ್ತ ನಿಂತಳು. ಮುದುಕಿ ಕಣ್ಣು ತಪ್ಪಿಸಲೂ ಇಲ್ಲ.

ಲಿಂಗಮ್ಮ ಕೂಗಾಡುತ್ತಾಳೆ ಅಂತ ಎಲ್ಲರೂ ಕಾದರು. ಮಕ್ಕಳಿಲ್ಲದವಳು ಅನ್ನೋ ಮಾತು ಬರುತ್ತದೆ ಅಂತ ಶಶಿಕಲಾ ಹಲ್ಲು ಕಚ್ಚಿ ನಿಂತಿದ್ದಳು. ಲಿಂಗಮ್ಮ ಆ ಮಾತು ಆಡಲಿಲ್ಲ. ಸಣ್ಣ ದನಿಯಲ್ಲಿ ಅಂದಳು, "ಹುಳ ಇದೆ ಅಂದೆ, ನಾನು ನಿನ್ನ ಬೈದೆ. ನನ್ನ ಮಾತು ತಪ್ಪೇ ಆಗಿತ್ತು ಅಂತಿಟ್ಕೋ. ಬೈಸ್ಕೊಂಡು ಸುಮ್ಮನಿದ್ದಿದ್ರೆ ಏನಾಗ್ತಿತ್ತು? ಕೋಳಿ ಸಾಯ್ತಿದ್ವು. ಅಷ್ಟೇ ತಾನೆ?"

ಮಗಳ ತೋಳು ಹಿಡಿದುಕೊಂಡು ಹೋದಳು. ಅವತ್ತು ಸಂಜೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲೇಡಿ ಡಾಕ್ಟರು, ಹೆದರಬೇಡಿ, ಅಷ್ಟರಿಂದ ಏನೂ ಆಗಿರಲ್ಲ, ಐದನೇ ತಿಂಗಳ ಸ್ಕ್ಯಾನಿನಲ್ಲಿ ಪೂರ್ತಿ ನೋಡೋಣ ಅಂದರಂತೆ. ಐದನೇ ತಿಂಗಳಿಗೆ ಇನ್ನೂ ಎರಡು ತಿಂಗಳಿತ್ತು. ಮಾರನೆಯ ದಿನ ಧನ್ಯಳ ಗಂಡ ಬಂದು ಅವಳನ್ನು ಬಸವೇಶ್ವರನಗರಕ್ಕೆ ಕರೆದುಕೊಂಡು ಹೋದ. ಕಾರು ಓಣಿಯಲ್ಲಿ ತಿರುಗಿಸಲು ಜಾಗ ಸಾಲದೆ ಶಶಿಕಲಾಳ ಬಾಗಿಲ ಮುಂದೆ ಎರಡು ನಿಮಿಷ ನಿಂತಿತು. ಹುಡುಗಿ ಮೊಬೈಲು ನೋಡುತ್ತಿದ್ದಳು.

"ಬಾಯಿ ಮುಚ್ಕೊಂಡಿರಬಹುದಿತ್ತು," ಅಂದ ನಾಗೇಂದ್ರ. "ಕಳ್ಳಿ ಅಂತ ತಾನೆ ಅಂದಿದ್ದು. ಅಣ್ಣನ್ನ ನಾನು ಒಪ್ಪಿಸ್ತಿದ್ದೆ."

"ಅವಳು ಇನ್ನೂ ನಾಲ್ಕು ದಿನ ತಿಂತಿದ್ಲು."

"ಹಾಗಾದ್ರೆ ಮೊದಲ ದಿನವೇ ಹೇಳಬೇಕಿತ್ತು. ಎರಡೂ ಮಾಡಲಿಲ್ಲ ನೀನು."



ಆ ವಾರದಲ್ಲೇ ಮುನಿರಾಜು ಅಂಗಡಿಯಿಂದ ತಗಡಿನ ಶೀಟು ತರಿಸಿ ಹಿತ್ತಲ ನಡುವೆ ನಿಲ್ಲಿಸಿದ. ಒಗೆಯುವ ಕಲ್ಲು ಅವರ ಕಡೆ ಹೋಯಿತು, ನುಗ್ಗೆಮರ ಇವರ ಕಡೆ ಉಳಿಯಿತು. ಬಚ್ಚಲ ನೀರಿಗೆ ಪೈಪು ಹಾಕಿದ್ದೂ ಆಗಲೇ. ಚಕ್ರಪಾಣಿ ಹೇಳಿದ್ದೆಲ್ಲ ತಾನಾಗಿ ಕೂಡಿಬಂತು, ನೆಲ ಒಣಗಿತು, ಎರಡೂ ಮನೆಯ ಕೋಳಿ ಬೇರೆಯಾದವು. ಶಶಿಕಲಾ ಮೂರನೇ ವಾರಕ್ಕೆ ತನ್ನ ಎಂಟು ಕೋಳಿಗೆ ಎರಡನೇ ಸಲ ಔಷಧಿ ಕೊಟ್ಟಳು, ಸುಣ್ಣ ಎರಚಿದಳು, ಹದಿನಾಲ್ಕು ದಿನ ಮೊಟ್ಟೆ ಒಡೆದು ಗುಂಡಿಗೆ ಸುರಿದಳು. ಲಿಂಗಮ್ಮ ತನ್ನ ಹತ್ತೂ ಕೋಳಿಯನ್ನು ಕಾಲು ಕಟ್ಟಿ ತವರಿಗೆ ಕಳಿಸಿ ಗೂಡು ಒಡೆದು ಸೌದೆ ಮಾಡಿದಳು.

ಶಶಿಕಲಾಳ ಕೋಳಿ ಈಗ ದಿನಕ್ಕೆ ಐದಾರು ಮೊಟ್ಟೆ ಇಡುತ್ತಿದ್ದವು. ಓಣಿಯಲ್ಲಿ ಯಾರೂ ಕೊಳ್ಳಲಿಲ್ಲ. ಎರಡು ಮನೆ ಆಚೆಯ ವರಲಕ್ಷ್ಮಿ ಮಾತ್ರ ಬಾಗಿಲಲ್ಲಿ ನಿಂತು, "ಆಂಟಿ, ಇದು ಔಷಧಿ ಮೊಟ್ಟೆನಾ, ಸಾದಾದಾ?" ಅಂತ ಕೇಳಿ, ಉತ್ತರ ಕೇಳಿಸಿಕೊಂಡೂ ತೆಗೆದುಕೊಳ್ಳದೆ ಹೋದಳು.

ಸ್ಕ್ಯಾನು ಸರಿಯಾಗಿ ಬಂತು. ಅದನ್ನು ಶಶಿಕಲಾಗೆ ಯಾರೂ ಬಂದು ಹೇಳಲಿಲ್ಲ. ತಗಡಿನ ಆಚೆ ಲಿಂಗಮ್ಮ ತವರಿಗೆ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. ಬಟ್ಟೆ ಹರವುತ್ತಿದ್ದ ಶಶಿಕಲಾ ಬಕೆಟ್ಟಿನ ಪಕ್ಕ ಕೂತು ಅತ್ತಳು, ಆಮೇಲೆ ಎದ್ದು ಉಳಿದ ಬಟ್ಟೆ ಹರವಿದಳು.

ಏಳನೇ ತಿಂಗಳಿಗೆ ಸೀಮಂತ. ಚೌಟ್ರಿಯಲ್ಲಿ ಮಾಡಿದರು. ಓಣಿಯ ಎಲ್ಲ ಮನೆಗೂ ಕುಂಕುಮ ಹಚ್ಚಿ ಕರೆದರು. ನಾಗೇಂದ್ರನನ್ನು ಮುನಿರಾಜು ಪ್ರೆಸ್ಸಿಗೆ ಫೋನ್ ಮಾಡಿ ಕರೆದ, "ನೀನು ಬಾ," ಅಂದನಂತೆ. ಅವನು ಇಸ್ತ್ರಿ ಶರಟು ಹಾಕಿಕೊಂಡು ಹೊಸಲಲ್ಲಿ ಒಂದು ಗಳಿಗೆ ನಿಂತು, ಹೆಂಡತಿ ಏನಾದರೂ ಅಂತಾಳೇನೋ ಅಂತ ನೋಡಿ, ಹೋದ. ಚಿಕ್ಕಗಂಗಮ್ಮ ರೇಷ್ಮೆ ಸೀರೆ ಉಟ್ಟು ಕಾರಿನಲ್ಲಿ ಹೋದಳು. ಶಶಿಕಲಾ ಒಂದು ಹಸಿರು ಸೀರೆ, ಒಂದು ಡಜನ್ ಬಳೆ ತಂದಿಟ್ಟಿದ್ದಳು. ಗಂಡನ ಕೈಗೆ ಕೊಟ್ಟು ಕಳಿಸಿದಳು. ಸಂಜೆ ಅವನು ಅದನ್ನು ಹಾಗೇ ವಾಪಸು ತಂದು ಕುರ್ಚಿಯ ಮೇಲಿಟ್ಟ.

"ಕೊಡೋ ಹೊತ್ತು ಸಿಗಲಿಲ್ಲ," ಅಂದ.

ಮುಂದಿನ ತಿಂಗಳು ಅತ್ತೆಯ ಸರದಿ ಶಶಿಕಲಾಳ ಮನೆಗೆ ಬಂತು. ಜಗಳವಾದ ಮೇಲಿನ ತಿಂಗಳುಗಳನ್ನೆಲ್ಲ ಮುದುಕಿ ಮಂಡಿನೋವು ಅಂತ ಅಲ್ಲೇ ಕಳೆದಿದ್ದಳು. ಈಗ ತನ್ನ ಟ್ರಂಕು, ಚಾಪೆ ಹಿಡಿದು ಬಂದು, ಏನೂ ಆಗಿಲ್ಲದ ಹಾಗೆ ಅಡುಗೆಮನೆಯಲ್ಲಿ ಕೂತಳು. ಶಶಿಕಲಾ ಮುದ್ದೆ ಇಟ್ಟು ಸೊಪ್ಪಿನ ಸಾರು ಬಡಿಸಿದಳು.

"ಒಂದು ಮೊಟ್ಟೆ ಹುಯ್ಯೇ. ಎಷ್ಟೊಂದು ಇಡ್ತಾವಂತಲ್ಲ."

ಶಶಿಕಲಾ ಬಾಣಲೆ ಇಟ್ಟಳು. ಎಣ್ಣೆ ಕಾಯುವ ತನಕ ಬೆನ್ನು ಹಾಕಿಕೊಂಡೇ ನಿಂತಿದ್ದಳು.

"ಅವತ್ತು ಯಾಕೆ ಹಾಗಂದ್ರಿ ಅತ್ತೆ?"

ಚಿಕ್ಕಗಂಗಮ್ಮ ಮುದ್ದೆ ಮುರಿದು ಸಾರಿಗೆ ಅದ್ದಿದಳು. "ಅದು ಅವಳ ಮನೆ ತಿಂಗಳು. ಹೌದು ನಾನೇ ಅಂದಿದ್ರೆ ಸಂಜೆ ನನ್ನ ತಟ್ಟೆ ಎಲ್ಲಿಡ್ತಿದ್ಲು?"

"ನಾನು ಇಡ್ತಿರಲಿಲ್ವ?"

"ನೀನು ಇಡ್ತೀಯ. ಅದಕ್ಕೇ ನಿನ್ನ ಮೇಲೆ ಹೇಳಿದ್ದು."

ಶಶಿಕಲಾ ಮೊಟ್ಟೆ ಒಡೆದು ಹಾಕಿ, ಉಪ್ಪು ಮೆಣಸು ಉದುರಿಸಿ, ತಿರುವಿ ಹಾಕಿ, ತಟ್ಟೆಗೆ ಜಾರಿಸಿದಳು. ಮುದುಕಿ ಊದಿ ಊದಿ ತಿಂದಳು.

"ಸೀಮಂತದಲ್ಲಿ ಧನ್ಯ ಹೇಗಿದ್ಲು?"

"ಮೈ ತುಂಬಿಕೊಂಡಿದಾಳೆ. ಮೊದಲಿನ ಹಾಗಲ್ಲ."

"ನನ್ನ ಕೇಳಿದ್ಲಾ?"

ಚಿಕ್ಕಗಂಗಮ್ಮ ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತ ಸ್ವಲ್ಪ ಯೋಚಿಸಿದಳು.

"ಇಲ್ಲ ಕಣವ್ವ."

"ಅಷ್ಟೆಲ್ಲ ಸುಳ್ಳು ಹೇಳೋರು ಇದೊಂದು ಹೇಳೋಕಾಗ್ಲಿಲ್ವ ಅತ್ತೆ," ಅಂದಳು ಶಶಿಕಲಾ. ಆಮೇಲೆ ಬಗ್ಗಿ, ಖಾಲಿಯಾಗಿದ್ದ ಲೋಟಕ್ಕೆ ನೀರು ಬಗ್ಗಿಸಿದಳು.